ಅಕ್ಕನ ಗಾಜಿನ ತೊಟ್ಟಿ

ಏಪ್ರಿಲ್ 3, 1999, ಶನಿವಾರ

ಸಿಟ್ಟು ಬಂದಾಗ ಕೂಗಾಡಬೇಡಿ, ಬರೆದುಬಿಡಿ ಎಂದಿದ್ದಾರೆ ಡಾಕ್ಟರು. ನನ್ನ ಬಿ.ಪಿ.ಗೆ ಮಾತ್ರೆಗಿಂತ ಇದೇ ಒಳ್ಳೆಯ ಮದ್ದಂತೆ. ಹಾಗಾಗಿ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಡೈರಿಯೊಂದನ್ನು ಕೆಳಗಿಳಿಸಿದೆ. ಎರಡು ವರ್ಷ ಹಿಂದಿನದು. ತಾರೀಖಿಗೂ ವಾರಕ್ಕೂ ತಾಳೆಯಾಗುವುದಿಲ್ಲ, ಅಚ್ಚಾದದ್ದನ್ನು ಹೊಡೆದುಹಾಕಿ ನಾನೇ ಬರೆದುಕೊಳ್ಳಬೇಕು. ಸಿಟ್ಟು ಇಳಿಸುವ ಸಾಧನವೇ ಸಿಟ್ಟು ತರಿಸುತ್ತಿದೆ. ಇರಲಿ.

ಇವತ್ತಿನ ಸಿಟ್ಟಿಗೆ ಕಾರಣ ಅಕ್ಕ. ಚೂಡಾಮಣಿ ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಮದುವೆಯಾಗಲಿಲ್ಲ, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದಳು. ಮಲ್ಲೇಶ್ವರದಲ್ಲಿ ಒಬ್ಬರ ಹಿತ್ತಲ ಮನೆಯಲ್ಲಿ ಬಾಡಿಗೆಗೆ ಇದ್ದಾಳೆ. ಈಗ ಮನೆಯವರು ಅದನ್ನು ಕೆಡವಿ ಫ್ಲ್ಯಾಟು ಕಟ್ಟಿಸುತ್ತಾರಂತೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಕೇಳಿದ ತಕ್ಷಣ ನಾನೇ ಹೋಗಿ, "ಬಸವನಗುಡಿಗೆ ಬಂದ್ಬಿಡು ಅಕ್ಕ, ಅಪ್ಪ ಕಟ್ಟಿಸಿದ ಮನೆ, ನಿನ್ನದೂ ಮನೆ ತಾನೆ" ಎಂದೆ. ತಮ್ಮ ಇದ್ದೂ ಅಕ್ಕ ಎಲ್ಲೋ ಇದ್ದರೆ ನಾಲ್ಕು ಜನ ಏನೆಂದಾರು?

"ತೊಟ್ಟಿ ಬಂದ್ರೆ ನಾನು ಬರ್ತೀನಿ" ಎಂದಳು.

ತೊಟ್ಟಿ ಎಂದರೆ ಅವಳ ಅಕ್ವೇರಿಯಂ. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ದಪ್ಪ ಗಾಜಿನ ಪೆಟ್ಟಿಗೆ. ಒಳಗೆ ಅಂಗೈಯಷ್ಟು ದೊಡ್ಡದಾಗಿ ಬೆಳೆದ ನಾಲ್ಕು ಗೋಲ್ಡ್ ಫಿಶ್‌ಗಳು.

"ಜಾಗ ಇಲ್ಲ ಅಂದ್ರೆ ಬೇಜಾರಿಲ್ಲ ವರದು. ಮೈಸೂರಿನ ವೃದ್ಧಾಶ್ರಮದಲ್ಲಿ ಒಂದು ರೂಮಿದೆ. ಇಪ್ಪತ್ತೈದರವರೆಗೆ ನನಗೋಸ್ಕರ ಇಟ್ಟಿರ್ತಾರಂತೆ."

"ಅಲ್ಲಿ ಮೀನು ಸಾಕೋಕೆ ಬಿಡ್ತಾರಾ?"

"ಇಲ್ಲ. ಯಾರಿಗಾದ್ರೂ ಕೊಟ್ಟು ಹೋಗ್ತೀನಿ."

"ಹಾಗಾದ್ರೆ ಯಾರಿಗಾದ್ರೂ ಕೊಟ್ಟು ಇಲ್ಲಿಗೇ ಬಾ!"

"ಅಲ್ಲಿ ಬಾಡಿಗೆಗೆ ಇರೋದು. ಬಾಡಿಗೆಗೆ ಅಂದ್ರೆ ಹೇಗೆ ಬೇಕಾದ್ರೂ ಇರಬಹುದು. ಮನೆಗೆ ಬರೋದಾದ್ರೆ ಇದ್ದದ್ದನ್ನೆಲ್ಲ ತಗೊಂಡು ಬರ್ತೀನಿ."

ಇದು ಯಾವ ಸೀಮೆಯ ತರ್ಕವೋ ನನಗೆ ಅರ್ಥವಾಗಲಿಲ್ಲ. ಒಪ್ಪಿಕೊಂಡು ಬಂದೆ. ಹೆಂಡತಿ ಕಮಲಾಕ್ಷಿಗೆ ಇನ್ನೂ ಹೇಳಿಲ್ಲ.

ಏಪ್ರಿಲ್ 4, ಭಾನುವಾರ

ಹೇಳಿದೆ. ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ಹಾಲಿಗೆ ಬಂದಳು.

"ಮೀನಾ? ಈ ಮನೇಲಾ?"

"ತಿನ್ನೋಕಲ್ಲ ಕಣೇ, ನೋಡೋಕೆ."

"ನೋಡೋಕೆ ಅಂತ ನನಗೂ ಗೊತ್ತು ರೀ. ಮೊಟ್ಟೆ ಹಾಕಿದ ಕೇಕ್ ಬಂದ್ರೆ ನಿಮ್ಮಮ್ಮ ಗೇಟಿಂದಾಚೆ ಇಡಿಸ್ತಿದ್ದ ಮನೆ ಇದು."

ಇನ್ನೊಂದು ತೊಂದರೆ ಇದೆ. ಐದಡಿಯ ತೊಟ್ಟಿ ಹಿಡಿಸುವ ಗೋಡೆ ಹಾಲಿನಲ್ಲಿ ಒಂದೇ. ಅಲ್ಲಿ ಟಿ.ವಿ. ಇದೆ, ಅದರ ಪಕ್ಕ ಕಮಲಾಕ್ಷಿಯ ದಸರಾ ಗೊಂಬೆಗಳ ಷೋಕೇಸು ಇದೆ. ಷೋಕೇಸನ್ನು ರೂಮಿಗೆ ಹಾಕೋಣ ಎಂದ ಕೂಡಲೇ ಅವಳ ಮುಖ ಬದಲಾಯಿತು.

"ಅಕ್ಕ ಬರೋದಕ್ಕೆ ನನ್ನದೇನೂ ಅಡ್ಡಿ ಇಲ್ಲ" ಎಂದಳು, ಅಡ್ಡಿ ಇದ್ದವರ ಧ್ವನಿಯಲ್ಲಿ. "ನಾನು ಹೊಸಿಲ ಮೇಲಿನ ಸೇರು ಒದ್ದು ಒಳಗೆ ಬಂದ ವರ್ಷವೇ ಅವರು ಗಂಟುಮೂಟೆ ಕಟ್ಕೊಂಡು ಮಲ್ಲೇಶ್ವರಕ್ಕೆ ಹೋದ್ರು. ಇಪ್ಪತ್ತಾರು ವರ್ಷದಿಂದ ಹಬ್ಬಕ್ಕೆ ಬರ್ತಾರೆ, ಊಟ ಮಾಡ್ತಾರೆ, ದೀಪ ಹಚ್ಚೋ ಹೊತ್ತಿಗೆ ಹೊರಡ್ತಾರೆ. ಒಂದು ರಾತ್ರಿ ಉಳಿದಿಲ್ಲ. ಅದಕ್ಕೆ ನಿಮ್ಮ ನೆಂಟರೆಲ್ಲ ಯಾರನ್ನ ಅಂದ್ರು ಅಂತ ನಿಮಗೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಿದ್ದು ಇನ್ನೊಂದು ತಪ್ಪಾಯಿತು. ಹುಳಿ ಸೀದುಹೋಯಿತು, ಅದೂ ನನ್ನ ಲೆಕ್ಕಕ್ಕೆ. ಖುಷಿಯಾದದ್ದು ಮಗಳು ಮಧುರಾಗೆ ಮಾತ್ರ. ಬಿ.ಎಸ್‌ಸಿ. ಪರೀಕ್ಷೆ ಎದುರಿಗಿರುವವಳು ಪುಸ್ತಕ ಬಿಟ್ಟು ಮೀನಿಗೆ ಯಾವ ಗಿಡ ಹಾಕಬೇಕೆಂದು ಯೋಚಿಸುತ್ತಿದ್ದಾಳೆ.

ಏಪ್ರಿಲ್ 7, ಬುಧವಾರ

ಬಾಗಿಲು ಅಳೆದೆ. ಅಳತೆ ಟೇಪು ಕಮಲಾಕ್ಷಿಯ ಹೊಲಿಗೆ ಡಬ್ಬಿಯದು. ಅದರ ಮೊದಲಿನ ಇಂಚು ಹರಿದುಹೋಗಿದೆ ಎಂದು ಅವಳು ಹೇಳಿದ್ದು ನಾನು ಅಳೆದು ಮುಗಿಸಿ ಎದ್ದ ಮೇಲೆ. ಮತ್ತೆ ಅಳೆದೆ. ಬೀದಿಬಾಗಿಲಿನಲ್ಲಿ ತೊಟ್ಟಿ ಉದ್ದಕ್ಕೆ ನುಗ್ಗುತ್ತದೆ, ಆದರೆ ಜಗಲಿಯ ಗ್ರಿಲ್ಲು ಅಡ್ಡ ಬರುತ್ತದೆ. ವೆಲ್ಡಿಂಗಿನವನನ್ನು ಕರೆಸಿ ಗ್ರಿಲ್ಲು ಕೊಯ್ಯಿಸಿದೆ. ಕಿಡಿ ಹಾರಿ ಒಣಗಲು ಹಾಕಿದ್ದ ನನ್ನದೇ ಪಂಚೆಗೆ ತೂತು ಬಿತ್ತು.

ಎದುರುಮನೆಯ ನಂಜುಂಡಯ್ಯನವರು ಗೇಟು ಹಿಡಿದು ನಿಂತು ನೋಡಿದರು. "ನೀರು ತುಂಬಿದ್ರೆ ಎಷ್ಟು ಭಾರ ಅಂತ ಯೋಚನೆ ಮಾಡಿದ್ರಾ ವರದರಾಜ್? ಆರುನೂರು ಕಿಲೋ ಮೇಲೆ. ಹಾಲ್‌ನಲ್ಲಿ ಒಂದು ಎಮ್ಮೆ ಕಟ್ಟಿದ ಹಾಗೆ." ನಮ್ಮದು ನೆಲಮಹಡಿ, ಕೆಳಗೆ ಮಣ್ಣು, ಏನೂ ಆಗುವುದಿಲ್ಲ ಎಂದೆ. "ಎಮ್ಮೆ ಆದ್ರೆ ಹಾಲಾದ್ರೂ ಕೊಡುತ್ತೆ" ಎಂದು ಹೋದರು.

ಅಕ್ಕ ಆಫೀಸಿಗೇ ಫೋನು ಮಾಡಿದಳು. "ವರದು, ಎತ್ತೋವಾಗ ತೊಟ್ಟಿ ಒಳಗೆ ಒಂದು ಲೋಟ ನೀರೂ ಇರಕೂಡದು. ಜಲ್ಲಿ ಇರಕೂಡದು. ಮೇಲಿನ ಅಂಚು ಹಿಡೀಬಾರದು, ತಳಕ್ಕೇ ಕೈ ಹಾಕ್ಬೇಕು. ನೀರು ಒಂದ್ಕಡೆ ಜಾರಿದ್ರೆ ಭಾರವೆಲ್ಲ ಒಂದೇ ಮೂಲೆಗೆ ಬಂದು ಗಾಜು ಬಿಡುತ್ತೆ."

"ಆಯ್ತಕ್ಕ."

"ಏನಂದೆ, ಹೇಳು ನೋಡೋಣ?"

ಐವತ್ತನಾಲ್ಕು ವರ್ಷದ ಸೂಪರಿಂಟೆಂಡೆಂಟು, ಇಡೀ ಸೆಕ್ಷನ್ನು ಕಿವಿಗೊಟ್ಟು ಕುಳಿತಿರುವಾಗ, ಪಾಠ ಒಪ್ಪಿಸಿದೆ. ಒಂದು ಲೋಟ ನೀರೂ ಇರಕೂಡದು. ಜಲ್ಲಿ ಇರಕೂಡದು.

ಏಪ್ರಿಲ್ 11, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಾಮಾನು ಎತ್ತಲು ಕೃಷ್ಣರಾಜ ಮಾರುಕಟ್ಟೆಯಿಂದ ಮುನಿರಾಮಪ್ಪ ಮತ್ತು ಅವನ ಕಡೆಯವರನ್ನು ಗೊತ್ತುಮಾಡಿದ್ದೆ. "ಬೀರು ಎತ್ತಿದೀವಿ, ರುಬ್ಬೋ ಕಲ್ಲು ಎತ್ತಿದೀವಿ, ಇದೇನ್ ಮಹಾ ಸಾಮಿ, ಗಾಜು" ಎಂದಿದ್ದ. ಬೆಳಿಗ್ಗೆ ಬರುತ್ತೇನೆಂದವನು ಮಲ್ಲೇಶ್ವರಕ್ಕೆ ಬಂದಾಗ ಮಧ್ಯಾಹ್ನ. ಅಷ್ಟರಲ್ಲಿ ನಾನೂ ಅಕ್ಕನೂ ತೊಟ್ಟಿಯ ನೀರು ಖಾಲಿ ಮಾಡಿದೆವು. ಅದಕ್ಕೊಂದು ಕ್ರಮವಿದೆ. ಪ್ಲಾಸ್ಟಿಕ್ ಕೊಳವೆಯ ಒಂದು ತುದಿ ನೀರಿನಲ್ಲಿ, ಇನ್ನೊಂದು ನಮ್ಮ ಬಾಯಲ್ಲಿ. ಒಮ್ಮೆ ಎಳೆದು ತಕ್ಷಣ ಕೆಳಗೆ ಬಿಡಬೇಕು. ತಕ್ಷಣ ಎಂದರೆ ಎಷ್ಟು ತಕ್ಷಣ ಎಂದು ಅಕ್ಕ ಹೇಳಲಿಲ್ಲ. ಒಂದು ಗುಟುಕು ಮೀನಿನ ನೀರು ಗಂಟಲಿಗಿಳಿಯಿತು. ಏಳು ತಲೆಮಾರಿನಲ್ಲಿ ಯಾರೂ ಮಾಡದ್ದನ್ನು ನಾನು ಮಾಡಿದೆ. ಅಕ್ಕ ನಕ್ಕುಬಿಟ್ಟಳು. ಅವಳು ಹಾಗೆ ಬಾಯ್ತುಂಬ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಆದರೂ ನನಗೆ ಸಿಟ್ಟೇ ಬಂತು.

ಮೀನುಗಳನ್ನು ನೀಲಿ ಡ್ರಮ್ಮಿಗೆ ಹಾಕಿದಳು. ಟೆಂಪೋ ಓಕಳಿಪುರದ ರೈಲ್ವೆ ಸೇತುವೆಯ ಕೆಳಗೆ ಕೆಟ್ಟು ನಿಂತಿತು. ಮೇಲೆ ರೈಲು, ಹಿಂದೆ ಬಸ್ಸುಗಳ ಹಾರನ್ನು, ನಾನು ಮುನಿರಾಮಪ್ಪನ ಜೊತೆ ನಿಂತು ಟೆಂಪೋ ತಳ್ಳುತ್ತಿದ್ದೇನೆ. ಅಕ್ಕ ಹಿಂದುಗಡೆ ಡ್ರಮ್ಮನ್ನು ತಬ್ಬಿಕೊಂಡು ಕುಳಿತಿದ್ದಳು, ಸೀರೆಯೆಲ್ಲ ತೊಯ್ದು. "ಮೆಲ್ಲಗೆ ತಳ್ಳು ವರದು, ಇವು ಹೆದರ್ತವೆ" ಎನ್ನುತ್ತಿದ್ದಳು. ನನಗೆ ಹೆದರಿಕೆಯಾಗಿದ್ದರೆ ಕೇಳುವವರು ಯಾರು?

ಮನೆ ಮುಂದೆ ಬಂದಾಗ ನಾಲ್ಕೂವರೆ ದಾಟಿತ್ತು. ಕಮಲಾಕ್ಷಿ ಗೇಟಿನಲ್ಲೇ ತಡೆದಳು. ಭಾನುವಾರ ಆ ಹೊತ್ತಿಗೆ ರಾಹುಕಾಲ. ಆರರವರೆಗೆ ಏನೂ ಒಳಗೆ ಬರುವಂತಿಲ್ಲ. ವಿಜ್ಞಾನ ಓದಿದ ಅಕ್ಕ ವಾದ ಮಾಡುತ್ತಾಳೆ ಎಂದು ಕಾದೆ. "ಕಾಯೋಣ ಬಿಡು" ಎಂದಳು. ಮುನಿರಾಮಪ್ಪನ ಕಡೆಯವರು ಜಗಲಿಯ ಮೇಲೆ ಕುಳಿತು ಎರಡು ಸುತ್ತು ಕಾಫಿ ಕುಡಿದರು.

ಆರು ಹೊಡೆದ ಮೇಲೆ ತೊಟ್ಟಿ ಎತ್ತಿದರು. ನಾನು ಹಾಲಿನಲ್ಲಿ ಸ್ಟ್ಯಾಂಡಿನ ಮೇಲೆ ಥರ್ಮಾಕೋಲ್ ಹಾಳೆ ಹಾಸಿ, ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದೆ. ಬಾಗಿಲಲ್ಲಿ ನಡೆದದ್ದು ನನಗೆ ಕಾಣಲಿಲ್ಲ. ಹೊಸಿಲಿನ ಆಚೆ ನಿಲ್ಲಿಸಿ, ಕಮಲಾಕ್ಷಿ ಹಿತ್ತಾಳೆ ಬಿಂದಿಗೆಯ ತುಂಬ ನೀರು ತಂದು ತೊಟ್ಟಿಯೊಳಗೆ ಸುರಿದಳಂತೆ. ಖಾಲಿ ಪಾತ್ರೆ ಹೊಸಿಲು ದಾಟಬಾರದು ಎಂದು. ಮನೆಮಗಳ ಜೊತೆ ಬರುವುದು ತುಂಬಿ ಬರಲಿ ಎಂದು.

ನಮ್ಮ ಹೊಸಿಲು ಎತ್ತರ. ಅದನ್ನು ತುಳಿಯುವಂತಿಲ್ಲ, ಅದರ ಮೇಲೆ ಏನನ್ನೂ ಇಡುವಂತಿಲ್ಲ. ದಾಟಿಸಲು ಮುಂದಿನವರು ಎತ್ತಿದರು, ಬಿಂದಿಗೆ ನೀರೆಲ್ಲ ಹಿಂದಕ್ಕೆ ನುಗ್ಗಿತು, ಹಿಂದೆ ಹಿಡಿದವನ ಕೈ ಜಗ್ಗಿ ತೊಟ್ಟಿಯ ಮೂಲೆ ಹೊಸಿಲಿಗೆ ಬಡಿಯಿತು. ಟಕ್ ಎಂದು ಒಂದೇ ಸದ್ದು. ತಿರುಗಿ ನೋಡಿದರೆ ತಳದ ಗಾಜು ಈ ತುದಿಯಿಂದ ಆ ತುದಿಗೆ ಸೀಳಿತ್ತು, ನೀರು ಹಾಲಿನ ಕೆಂಪು ನೆಲದ ಮೇಲೆ ನನ್ನ ಕಾಲವರೆಗೆ ಹರಿದು ಬಂತು.

"ಯಾವ ಮುಠ್ಠಾಳರು ಇದರೊಳಗೆ ನೀರು ಹಾಕಿದ್ದು?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಕಮಲಾಕ್ಷಿ ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು. ಹೊಸ ಸೀರೆ ಉಟ್ಟಿದ್ದಳು.

"ಅಮ್ಮಾವ್ರು ಹಾಕ್ತಾ ಇದ್ರೆ ನಾವು ಬ್ಯಾಡ ಅನ್ನಕ್ಕಾಯ್ತದಾ ಸಾಮಿ?" ಎಂದ ಮುನಿರಾಮಪ್ಪ.

"ಯಾರನ್ನೂ ಏನೂ ಅನ್ಬೇಡ ವರದು" ಎಂದಳು ಅಕ್ಕ. ಒಡೆದ ತೊಟ್ಟಿಯನ್ನು ಜಗಲಿಯ ಮೇಲಿಟ್ಟು ಅವರು ಹೋದರು. ಮೀನಿನ ಡ್ರಮ್ಮು ಬಚ್ಚಲುಮನೆಯಲ್ಲಿದೆ.

ಏಪ್ರಿಲ್ 12, ಸೋಮವಾರ

ಕಮಲಾಕ್ಷಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ಕುಕ್ಕುವುದರಲ್ಲೇ ಎಲ್ಲ ಹೇಳುತ್ತಾಳೆ.

ಅಕ್ಕ ಕಾಫಿ ಕುಡಿಯುತ್ತಾ ಶಾಂತವಾಗಿ ಹೇಳಿದಳು: "ಷರತ್ತು ಹಾಕಿದ್ದು ನಾನೇ. ತೊಟ್ಟಿ ಬಂದ್ರೆ ನಾನು ಬರ್ತೀನಿ ಅಂದಿದ್ದೆ. ಬರಲಿಲ್ಲ. ನಾನು ಮೈಸೂರಿಗೆ ಹೋಗ್ತೀನಿ ವರದು." ರಿಪೇರಿ ಮಾಡಿಸುತ್ತೇನೆ, ಇಪ್ಪತ್ತೈದರವರೆಗೆ ಟೈಮಿದೆ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಇರು ಎಂದೆ. ಹಿರಿಯ ಅಕ್ಕನಿಗೆ ಹಾಗೆನ್ನಬಾರದಿತ್ತು. ಅಂದಾಯಿತು.

ಚಾಮರಾಜಪೇಟೆಯ ಅಕ್ವೇರಿಯಂ ಅಂಗಡಿಯ ರವಿಕುಮಾರ್ ಬಂದು ನೋಡಿದ. ತಳದ ಗಾಜು ಬದಲಾಯಿಸುತ್ತಾನಂತೆ. ಅಂಟು ಚೆನ್ನಾಗಿ ಒಣಗಲು ಒಂದು ವಾರ.

ಮಧುರಾ ಒಂದು ವಿಷಯ ಹೇಳಿದಳು. "ಅಮ್ಮ ನೀರು ಹಾಕೋವಾಗ ಅತ್ತೆ ಪಕ್ಕದಲ್ಲೇ ಇದ್ರು ಅಪ್ಪ. ನೋಡ್ತಾನೇ ಇದ್ರು." ನಂಬಲಾಗಲಿಲ್ಲ. ಒಂದು ಲೋಟ ನೀರೂ ಇರಕೂಡದು ಎಂದು ನನ್ನಿಂದ ಪಾಠ ಒಪ್ಪಿಸಿಕೊಂಡವಳು, ಒಂದು ಬಿಂದಿಗೆ ಸುರಿಯುವುದನ್ನು ನೋಡುತ್ತ ನಿಂತಿದ್ದಳಂತೆ! ಈ ಮನೆಯಲ್ಲಿ ಯಾರಿಗಾದರೂ ತಲೆ ಸರಿಯಿದೆಯೇ?

ಬಚ್ಚಲುಮನೆ ಮೀನಿನದು. ನನ್ನ ಸ್ನಾನ ಹಿತ್ತಲಲ್ಲಿ, ನಂಜುಂಡಯ್ಯನವರ ಮಹಡಿಗೆ ಕಾಣುವ ಹಾಗೆ.

ಏಪ್ರಿಲ್ 14, ಬುಧವಾರ

ರಜ. ಬೆಳಿಗ್ಗೆ ಕಾಫಿ ಹೊತ್ತಿಗೆ ಕರೆಂಟು ಹೋಯಿತು. ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಂತೆ. ಡ್ರಮ್ಮಿಗೆ ಗಾಳಿ ಊದುವ ಪುಟ್ಟ ಪಂಪು ನಿಂತಿತು. ಸ್ವಲ್ಪ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ಅಕ್ಕ ಚೊಂಬಿನಲ್ಲಿ ನೀರು ತುಂಬಿ ಎತ್ತರದಿಂದ ಡ್ರಮ್ಮಿಗೆ ಹುಯ್ಯತೊಡಗಿದಳು. ಮತ್ತೆ ತುಂಬಿ ಮತ್ತೆ ಹುಯ್ದಳು. ಅವಳ ಕೈ ಸೋತಿತು. ನಾನು ತೆಗೆದುಕೊಂಡೆ, ನನ್ನ ಭುಜ ಹಿಡಿದುಕೊಂಡಿತು. ಆಗ ಕಮಲಾಕ್ಷಿ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಕೈಯಿಂದ ಚೊಂಬು ಕಿತ್ತುಕೊಂಡಳು.

"ಎತ್ತರದಿಂದ ಹುಯ್ದ್ರೆ ಗಾಳಿ ಸೇರುತ್ತಾ ಅಕ್ಕ?"

"ಸೇರುತ್ತೆ."

"ಕಾಫಿ ಆರಿಸ್ತೀವಲ್ಲ, ಹಾಗೆ."

"ಹೂಂ, ಹಾಗೇ ಕಮಲಾ."

ಆಮೇಲೆ ಅವರಿಬ್ಬರೂ ನನ್ನನ್ನು ಹತ್ತಿರ ಸೇರಿಸಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಹುಯ್ಯುತ್ತಿದ್ದರು. ಅಡಿಗೆಮನೆಯಲ್ಲಿ ಒಲೆ ಹಚ್ಚುವವರಿಲ್ಲ. ನಾನು ಗಾಂಧಿಬಜಾರಿಗೆ ಹೋಗಿ ಎಲ್ಲರಿಗೂ ಇಡ್ಲಿ ಕಟ್ಟಿಸಿಕೊಂಡು ಬಂದೆ. ಚಟ್ನಿ ಸೋರಿ ಚೀಲವೆಲ್ಲ ಹಾಳಾಯಿತು. ಮೂರು ಗಂಟೆಯ ಮೇಲೆ ಕರೆಂಟು ಬಂದಾಗ ಇಬ್ಬರೂ ಬಚ್ಚಲ ಕಟ್ಟೆಯ ಮೇಲೆ ಒದ್ದೆ ಸೀರೆಯಲ್ಲಿ ಕುಳಿತು ನಗುತ್ತಿದ್ದರು. ಏನು ನಗು ಎಂದು ಕೇಳಿದೆ. ಏನಿಲ್ಲ ಎಂದರು.

ಏಪ್ರಿಲ್ 16, ಶುಕ್ರವಾರ

ಒಂದು ಮೀನು ಸತ್ತಿತು. ಕಮಲಾಕ್ಷಿಯೇ ದಾಸವಾಳದ ಗಿಡದ ಬುಡದಲ್ಲಿ ಮಣ್ಣು ತೋಡಿ ಹೂತು ತಲೆಗೆ ಸ್ನಾನ ಮಾಡಿ ಬಂದಳು. ಅ‌ಕ್ಕ ಊಟ ಮಾಡಲಿಲ್ಲ. ನನಗೂ ಸೇರಲಿಲ್ಲ. ಇವತ್ತು ಯಾರ ಮೇಲೂ ಸಿಟ್ಟು ಬರಲಿಲ್ಲ, ಹಾಗಾಗಿ ಬರೆಯಲು ಏನೂ ಇಲ್ಲ.

ಏಪ್ರಿಲ್ 17, ಶನಿವಾರ

ದಿಲ್ಲಿಯಲ್ಲಿ ಒಂದೇ ಒಂದು ಓಟಿನಿಂದ ಸರ್ಕಾರ ಬಿತ್ತು. ಇಡೀ ದೇಶ ಟಿ.ವಿ. ಮುಂದೆ ಕುಳಿತಿದ್ದರೆ ನಾನು ಟಿ.ವಿ. ಮುಂದೆ ಮಲಗಿದ್ದೆ. ಏಕೆಂದರೆ ತೊಟ್ಟಿಗೆ ಜಾಗ ಮಾಡಲು ಹೋಗಿ ಟಿ.ವಿ. ಈಗ ನೆಲದ ಮೇಲಿದೆ. ಕತ್ತು ಉಳುಕಿದೆ. ಉಳಿದ ಮೂರು ಮೀನುಗಳು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಸಿಮೆಂಟು ತೊಟ್ಟಿಗೆ ಬಂದಿವೆ. ಅಲ್ಲಿ ಚೆನ್ನಾಗಿವೆ. ಕಮಲಾಕ್ಷಿ ಹಪ್ಪಳ ಕಾಯುವ ಹಾಗೆ ಕೋಲು ಹಿಡಿದು ಕಾಗೆಗಳಿಂದ ಅವುಗಳನ್ನು ಕಾಯುತ್ತಿದ್ದಾಳೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವುದು. ಬಂದ ನೀರಿನಲ್ಲಿ ಮೊದಲ ಪಾಲು ಮೀನಿಗೆ. ನನ್ನ ಸ್ನಾನಕ್ಕೆ ಅರ್ಧ ಬಕೆಟ್ಟು.

ಏಪ್ರಿಲ್ 21, ಬುಧವಾರ

ರವಿಕುಮಾರ್ ಹೊಸ ತಳ ಅಂಟಿಸಿದ ತೊಟ್ಟಿಯನ್ನು ಅಂಗಳದಲ್ಲಿಟ್ಟು ನೀರು ತುಂಬಿ ನೋಡಿದ. ಒಂದು ಗಂಟೆ ಸುಮ್ಮನಿತ್ತು. ನಾನು ನಂಜುಂಡಯ್ಯನವರ ಕಡೆ ಹೆಮ್ಮೆಯಿಂದ ನೋಡಿದೆ. ಆಮೇಲೆ ಬಲಗಡೆಯ ಗಾಜಿನಲ್ಲಿ ಕೂದಲಿನಂಥ ಗೆರೆಯೊಂದು ಕಾಣಿಸಿತು. ಗೆರೆಯ ಮೇಲೆ ಹನಿಗಳು ಸಾಲಾಗಿ ನಿಂತವು.

"ಪೆಟ್ಟು ಇಲ್ಲೂ ಬಿದ್ದಿದೆ ಸಾರ್. ಇನ್ನು ಇದನ್ನ ನಂಬೋ ಹಾಗಿಲ್ಲ" ಎಂದ.

ಸಾಯಂಕಾಲ ಜಗಲಿಯಲ್ಲಿ ಮೂವರೂ ಕುಳಿತಿದ್ದೆವು. "ಭಾನುವಾರ ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿ ಬರ್ತೀನಿ ಅಂತ ಹೇಳ್ಬಿಡ್ತೀನಿ" ಎಂದಳು ಅಕ್ಕ. ನನಗೆ ತಡೆಯಲಾಗಲಿಲ್ಲ.

"ನೀನು ಪಕ್ಕದಲ್ಲೇ ನಿಂತಿದ್ದೆಯಂತೆ! ನೀರು ಹಾಕಿದ್ರೆ ಒಡೆಯುತ್ತೆ ಅಂತ ನಿನಗೆ ಗೊತ್ತಿತ್ತು. ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಯಾಕೆ ಸುಮ್ಮನಿದ್ದೆ?"

ಅಕ್ಕ ನನ್ನ ಕಡೆ ತಿರುಗಿದಳು. "ಕಮಲಾ ಹೊಸ ಸೀರೆ ಉಟ್ಟು, ಬಿಂದಿಗೆಗೆ ಅರಿಶಿನ ಕುಂಕುಮ ಹಚ್ಚಿ ನನಗೋಸ್ಕರ ಬಾಗಿಲಿಗೆ ಬಂದಿದ್ಲು ವರದು. ಮನೆಮಗಳು ಅಂದ್ಲು. ಬೇಡ ಅಂತ ಹೇಗನ್ನಲಿ? ಒಡೆದ್ರೆ ಒಡೀಲಿ ಅನ್ನಿಸ್ತು."

ಕಮಲಾಕ್ಷಿ ಬಿಡಿಸುತ್ತಿದ್ದ ಮಲ್ಲಿಗೆ ಮೊಗ್ಗು ಹಾಗೇ ಬಿಟ್ಟಳು. "ಹಾಗಿದ್ರೆ ಯಾಕಕ್ಕ ಹೋಗ್ತೀರಿ?"

"ಬಂದ ದಿನವೇ ಬೀದಿ ಬಾಗಿಲಲ್ಲಿ ಜಗಳ. ಅವತ್ತಿಂದ ನೀವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ನಾನು ಹೋಗಿದ್ದೂ ಅದಕ್ಕೇ. ಇದ್ದಿದ್ದು ಒಂದೇ ರೂಮು, ಹೊಸದಾಗಿ ಮದುವೆಯಾದವರ ನಡುವೆ ನಾನ್ಯಾಕೆ ಅಂತ."

"ಹೋಗಿ ಅಂತ ನಾನಂದಿದ್ನಾ?"

"ಇಲ್ಲ. ಇರು ಅಂತಲೂ ಯಾರೂ ಅನ್ನಲಿಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ನಾನೇನು ಮಾಡಿದೆ? ನನಗಾಗ ಇಪ್ಪತ್ತೆಂಟು ವರ್ಷ, ಅವಳು ತಾನಾಗಿ ಹೊರಟಳು, ಟ್ರಂಕು ಎತ್ತಿ ಕುದುರೆಗಾಡಿಗೆ ಇಟ್ಟುಕೊಟ್ಟೆ. ಸಹಾಯ ಮಾಡಿದ್ದೂ ತಪ್ಪೇ? ಎದ್ದು ಒಳಗೆ ಬಂದೆ. ಬಿ.ಪಿ. ಮಾತ್ರೆ ಒಂದರ ಬದಲು ಎರಡು ನುಂಗಿದೆ.

ಏಪ್ರಿಲ್ 23, ಶುಕ್ರವಾರ

ಆಫೀಸಿನಲ್ಲಿ ಎರಡು ದಿನದಿಂದ ಎಲ್ಲರ ಮೇಲೂ ರೇಗಿದ್ದೇನೆ. ಜವಾನ ಅಂಜನಪ್ಪ ನನ್ನ ಟೇಬಲ್ಲಿಗೆ ಕಾಫಿ ಇಟ್ಟು ಓಡಿಹೋಗುತ್ತಾನೆ.

ಬಸವನಗುಡಿಗೆ ಬರುವ ಬಸ್ಸು ಹತ್ತದೆ ಚಾಮರಾಜಪೇಟೆಗೆ ಹೋದೆ. ರವಿಕುಮಾರನಿಗೆ ಹೊಸ ತೊಟ್ಟಿ ಬೇಕು ಎಂದೆ. ಎಷ್ಟಾಗುತ್ತದೆ ಎಂದು ಅವನು ಹೇಳಿದ್ದನ್ನು ಇಲ್ಲಿ ಬರೆದರೆ ಮತ್ತೆ ಮಾತ್ರೆ ನುಂಗಬೇಕಾಗುತ್ತದೆ. ತೊಟ್ಟಿಯನ್ನು ಅಂಗಡಿಯಲ್ಲಿ ಕಟ್ಟಿ ಹೊತ್ತು ತರುವುದು ಬೇಡ, ಆ ಹೊಸಿಲು, ಜಗಲಿಯಿಂದ ಬಾಗಿಲಿಗೆ ಬರುವ ಆ ತಿರುವು, ಮತ್ತೆ ಅದೇ ಕಥೆ; ಗಾಜಿನ ಹಲಗೆಗಳನ್ನು ಬಿಡಿಯಾಗಿ ತಂದು ಹಾಲಿನಲ್ಲೇ ಅಂಟಿಸೋಣ ಎಂದ.

"ಉದ್ದ ಐದಡಿನೇ ಇರ್ಲಾ ಸಾರ್?"

ಗೋಡೆ ಆರೂವರೆ ಅಡಿ ಇದೆ. ಷೋಕೇಸು ಹೇಗೂ ರೂಮಿಗೆ ಹೋಗಿಯಾಗಿದೆ. "ಆರಡಿ ಮಾಡು, ಅಗಲನೂ ಅರ್ಧ ಅಡಿ ಜಾಸ್ತಿ ಇರ್ಲಿ, ಸ್ಟ್ಯಾಂಡೂ ಅದೇ ಅಳತೆಗೆ ಹೊಸದು ತಾ" ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂತು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ನನ್ನನ್ನು ಯಾರು ಏನು ಕೇಳಿ ಮಾಡುತ್ತಾರೆ?

ಏಪ್ರಿಲ್ 25, ಭಾನುವಾರ

ತಿಂಡಿ ಆಗುವ ಮೊದಲೇ ಗಾಜು ಬಂತು. ಒಂದೊಂದು ಹಲಗೆಯನ್ನು ಇಬ್ಬಿಬ್ಬರು ಹಿಡಿದು ಒಳಗೆ ತಂದರು. ಕಮಲಾಕ್ಷಿ ಬಾಗಿಲಲ್ಲಿ ನಿಂತು, "ಇದು ಪಾತ್ರೆ ಅಲ್ವಲ್ಲ, ಪರವಾಗಿಲ್ಲ ಅಲ್ವೇನ್ರೀ?" ಎಂದು ಎರಡು ಸಲ ಕೇಳಿದಳು. ಹದಿನೈದು ದಿನದಲ್ಲಿ ಅವಳು ನನ್ನನ್ನು ನೇರವಾಗಿ ಕೇಳಿದ ಮೊದಲ ಪ್ರಶ್ನೆ. ಪರವಾಗಿಲ್ಲ ಎಂದೆ.

ಅಕ್ಕ ಸ್ನಾನ ಮುಗಿಸಿ ಬಂದು ಹಾಲಿನ ತುಂಬ ಗಾಜು ನೋಡಿ ನಿಂತಳು. "ಇದೇನಿದು ವರದು?" ಎಂದಳು. "ಕಾಣಲ್ವಾ?" ಎಂದೆ. "ನಾನು ಹೋಗೋಳಿಗೆ ಇದೆಲ್ಲ ಯಾಕೋ? ಹತ್ತು ಗಂಟೆಗೆ ಫೋನ್ ಮಾಡ್ತೀನಿ ಅಂತ ಅವರಿಗೆ ಹೇಳಿದೀನಿ" ಎಂದಳು. "ಮಾಡ್ಕೊ, ಯಾರು ಬೇಡ ಅಂದ್ರು?" ಎಂದುಬಿಟ್ಟೆ. ನನ್ನ ಬಾಯಿಗೆ ಬರುವುದೇ ಹೀಗೆ. ಕಮಲಾಕ್ಷಿ ಹಣೆ ಚಚ್ಚಿಕೊಂಡಳು.

ಹತ್ತಾಯಿತು. ಅಕ್ಕ ಫೋನಿನ ಹತ್ತಿರ ಹೋಗಿ ಕುಳಿತಳು. ಮೈಸೂರಿನ ಲೈನು ಸಿಗುತ್ತಿರಲಿಲ್ಲ. ನಂಬರು ತಿರುಗಿಸುವುದು, ಇಡುವುದು, ಮತ್ತೆ ತಿರುಗಿಸುವುದು. ಆ ಕರಕರ ಸದ್ದು ಕೇಳಿ ನನಗೆ ಎದೆಯೊಳಗೆ ಏನೋ ಆಗುತ್ತಿತ್ತು. ಬಿ.ಪಿ. ಇರಬೇಕು. ಈ ಕಡೆ ರವಿಕುಮಾರ್ ಅಂಟಿನ ಟ್ಯೂಬಿನ ಮೂತಿ ಕತ್ತರಿಸಿದವನು ಅಂಟಿಸದೆ ತಲೆಯೆತ್ತಿದ.

"ಸಾರ್, ಅಂಟಿಸೋಕೆ ಮುಂಚೆ ಒಂದು ಮಾತು. ಈ ಅಳತೆಗೆ ಇಲ್ಲೇ ಕಟ್ಟಿಬಿಟ್ರೆ ಆ ತಿರುವಿನಲ್ಲಿ, ಆ ಬಾಗಿಲಲ್ಲಿ ಆಚೆ ಹೋಗಲ್ಲ. ಇನ್ಯಾವತ್ತೂ ಹೋಗೋಕಾಗಲ್ಲ. ಆಮೇಲೆ ನನ್ನನ್ನ ಅನ್ಬೇಡಿ."

"ಹೋಗೋದು ಬೇಡ" ಎಂದೆ.

"ಅಲ್ಲ ಸಾರ್, ಮುಂದೆ ಯಾವಾಗಾದ್ರೂ ಮನೆಯವರಿಗೆ ತೊಂದರೆ ಅನ್ನಿಸಿದ್ರೆ..."

"ಹೋಗೋದು ಬೇಡ ಅಂದ್ನಲ್ಲಯ್ಯ! ಯಾರಿಗೂ ತೊಂದರೆ ಇಲ್ಲ. ಎಷ್ಟು ಸಲ ಹೇಳ್ಬೇಕು? ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇರ್ಲಿ!"

ಜೋರಾಗಿಯೇ ಕೂಗಿದೆ. ಡಾಕ್ಟರು ಕೇಳಿದ್ದರೆ ಬೈಯುತ್ತಿದ್ದರು. ಫೋನಿನ ಕರಕರ ನಿಂತಿತ್ತು. ತಿರುಗಿ ನೋಡಿದರೆ ಅಕ್ಕ ರಿಸೀವರನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಲೈನು ಸಿಕ್ಕಿತ್ತೆಂದು ಕಾಣುತ್ತದೆ, ಒಳಗಿನಿಂದ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಅವಳು ರಿಸೀವರನ್ನು ಕಿವಿಗಿಟ್ಟುಕೊಂಡು, "ನಾನು ಚೂಡಾಮಣಿ, ಬೆಂಗಳೂರಿಂದ. ಆ ರೂಮು ಬೇರೆಯವರಿಗೆ ಕೊಟ್ಬಿಡಿ. ನಮ್ಮ ಮನೇಲಿ ಬಿಡ್ತಾ ಇಲ್ಲ" ಎಂದಳು.

ನಾನು ರವಿಕುಮಾರನಿಗೆ ಅಂಟು ಒಣಗಿಹೋಗುತ್ತೆ, ಬೇಗ ಬೇಗ ಹಚ್ಚು ಎಂದು ರೇಗಿದೆ. ಕಣ್ಣಿಗೆ ಸರಿಯಾಗಿ ಏನೂ ಕಾಣುತ್ತಿರಲಿಲ್ಲ, ಆ ಅಂಟಿನ ವಾಸನೆಯೇ ಹಾಗೆ.

ಊಟವಾದ ಮೇಲೆ ಅಕ್ಕ ಕಮಲಾಕ್ಷಿಯನ್ನು ಕೇಳುತ್ತಿದ್ದಳು: "ಕಮಲಾ, ನನ್ನ ಸೀರೆಗಳಿಗೆ ಬೀರುನಲ್ಲಿ ಒಂದು ಅರೆ ಖಾಲಿ ಮಾಡ್ಕೊಡ್ತೀಯಾ?" ಕಮಲಾಕ್ಷಿ ಆ ಕ್ಷಣವೇ ಎದ್ದು ಮಾಡಿಕೊಟ್ಟಳು. ಖಾಲಿ ಮಾಡಿದ್ದು ನನ್ನ ಅರೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಅಂಗಿ, ಪಂಚೆ, ಬನೀನುಗಳೆಲ್ಲ ಈಗ ಕುರ್ಚಿಯ ಮೇಲೆ ರಾಶಿ ಬಿದ್ದಿವೆ, ನಾಳೆ ಆಫೀಸಿಗೆ ಹಾಕಿಕೊಂಡು ಹೋಗುವ ಅಂಗಿ ಅದರಲ್ಲಿ ಎಲ್ಲಿದೆಯೋ ಹುಡುಕಬೇಕು.